ಕಣ್ಣಿಡದ ಚಿತ್ರಗಳು

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ನಿಡಘಟ್ಟದ ಪಕ್ಕದ ನಮ್ಮ ಹಳ್ಳಿಯಿಂದ ಮದ್ದೂರಿನ ಸ್ಕೂಲಿಗೆ ನಡೆದು, ಆಮೇಲೆ ಮೈಸೂರಿನ ಹಾಸ್ಟೆಲಿನಲ್ಲಿ ಇದ್ದ ಒಂದೇ ಪಂಚೆ ಒಗೆದು, ಅದು ಒಣಗುವ ತನಕ ಟವೆಲು ಸುತ್ತಿಕೊಂಡು ಕೂತು ಓದಿ ಸಂಪಾದಿಸಿದ್ದು ಅದು. ಹಾಗಾಗಿ ಮಳವಳ್ಳಿ ಕಡೆಯ ಒಂದು ಸರ್ಕಾರಿ ಮಿಡ್ಲ್ ಸ್ಕೂಲಿಗೆ ಹೆಡ್ಮಾಸ್ಟರಾಗಿ ಹೋದಾಗ, ಇನ್ನು ನಾನು ಹೇಳಿದ್ದು ನಡೆಯುತ್ತದೆ ಎಂದುಕೊಂಡಿದ್ದೆ.

ಮಂಡ್ಯದ ಸುತ್ತ ನಾಲೆ ನೀರು ಹೊಸದಾಗಿ ಬಂದು, ರಾಗಿ ಹೊಲಗಳು ಕಬ್ಬಿನ ಗದ್ದೆಗಳಾಗುತ್ತಿದ್ದ ಕಾಲ. ಸರ್ಕಾರ ಮಾತ್ರ ಖರ್ಚು ಕಡಿಮೆ ಮಾಡುತ್ತಿತ್ತು. ನಾನು ಹೋದ ವರ್ಷವೇ ಕಾಗದ ಬಂತು: ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟರ ಹುದ್ದೆ ಬೇಕೇ ಬೇಡವೇ ಎಂಬುದನ್ನು ಇನ್‌ಸ್ಪೆಕ್ಟರು ಬಂದು ನೋಡಿ ತೀರ್ಮಾನ ಮಾಡುತ್ತಾರೆ.

ಡ್ರಾಯಿಂಗ್ ಮೇಷ್ಟರು ನನಗಿಂತ ಬಹಳ ದೊಡ್ಡವರು. ದೇವಸ್ಥಾನದ ಮೂರ್ತಿಗಳಿಗೆ ಬಣ್ಣ ಹಾಕುವ ಚಿತ್ರಗಾರರ ಮನೆತನ. ಮೈಸೂರಿನಲ್ಲಿ ಡ್ರಾಯಿಂಗ್ ಪರೀಕ್ಷೆ ಕೊಟ್ಟು ಈ ಕೆಲಸ ಹಿಡಿದಿದ್ದರು. ಇಲಾಖೆ ಕೊಟ್ಟ ಅಚ್ಚಿನ ಹಾಳೆಗಳನ್ನು ಗೋಡೆಗೆ ತೂಗುಹಾಕಿ, ಅದರಲ್ಲಿದ್ದ ಹೂಜಿ, ಶಂಕು, ಯಾವುದೋ ದೇಶದ ಎಲೆ, ಇವನ್ನೇ ವರ್ಷವಿಡೀ ಹುಡುಗರಿಂದ ತಿದ್ದಿಸುತ್ತಿದ್ದರು. ಹುಡುಗರು ಆಕಳಿಸುತ್ತಿದ್ದರು. ಇನ್‌ಸ್ಪೆಕ್ಟರು ಬಂದರೆ ಅವರೂ ಆಕಳಿಸುತ್ತಾರೆ ಅನ್ನಿಸಿತು ನನಗೆ.

"ಮೇಷ್ಟ್ರೇ, ಈ ಹಾಳೆ ಬಿಚ್ಚಿಡಿ. ಮಕ್ಕಳು ದಿನಾ ನೋಡೋದನ್ನ ಬರೀಲಿ. ಅವರಪ್ಪ, ಅವ್ವ, ಅಜ್ಜಿ, ಗದ್ದೆಗೆ ನೀರು ಬಿಡೋ ನೀರುಗಂಟಿ, ಯಾರಾದರೂ ಸರಿ."

ಅವರು ಗಡ್ಡ ಕೆರೆದುಕೊಂಡರು. "ಮನುಸ್ರನ್ನ ಬರ್ಸದು ಸಲೀಸಲ್ಲ ಸ್ವಾಮಿ. ಊಜಿ ಆದ್ರೆ ಸುಮ್ಕೆ ಕುಂತಿರ್ತದೆ."

ಆದರೂ ಶುರು ಮಾಡಿದರು. ಬಣ್ಣಕ್ಕೆ ದುಡ್ಡಿರಲಿಲ್ಲ. ಕೆಮ್ಮಣ್ಣು, ಸುಣ್ಣ, ಅರಿಸಿನ, ದೀಪದ ಕಪ್ಪು ತಂದು ಜಾಲಿಮರದ ಅಂಟಿನಲ್ಲಿ ಕಲಸಿದರು. ಈಚಲು ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಟ್ಟರು. ಪರೀಕ್ಷೆಯ ಹಳೇ ಕಾಗದಗಳ ಬೆನ್ನ ಮೇಲೆ ಊರಿನ ಜನವೆಲ್ಲ ಎದ್ದು ಬಂದರು. ರಾಗಿ ಬೀಸುವ ಅವ್ವಂದಿರು, ಗೊಬ್ಬರದ ಮಂಕರಿ ಹೊತ್ತ ಅಪ್ಪಂದಿರು, ಎಲೆಯಡಿಕೆ ಕುಟ್ಟುವ ಅಜ್ಜಿಯರು. ಹಬ್ಬಕ್ಕೆ ಊರಿಗೆ ಹೋದಾಗ ಈ ವಿಷಯ ಹೇಳಿದ್ದಕ್ಕೆ ನಮ್ಮಪ್ಪ, "ಬಿ.ಎ. ಓದ್ಬುಟ್ಟು ಐಕಳ ಕೈಲಿ ಕೆಮ್ಮಣ್ಣು ಕಲಸ್ತಿದ್ದೀಯಲ್ಲಾ. ಅದ್ನ ಇಲ್ಲೇ ನಿಮ್ಮವ್ವನೇ ಏಳ್ಕೊಡೋಳು ಕಣ್ಲಾ" ಎಂದು ನಕ್ಕರು.

ಯಾವ ಚಿತ್ರಕ್ಕೂ ಕಣ್ಣು ಇರಲಿಲ್ಲ. ಮೂರ್ತಿಗೆ ಕಣ್ಣು ಕೊನೆಯಲ್ಲಿ, ಒಳ್ಳೆಯ ದಿನ ನೋಡಿ ಇಡುವುದು ಮೇಷ್ಟರ ಮನೆಯ ಪದ್ಧತಿ. ಕಣ್ಣಿಟ್ಟ ಮೇಲೆ ಅದಕ್ಕೆ ಜೀವ ಬಂದ ಹಾಗೆ. ಮನುಷ್ಯರ ಚಿತ್ರಕ್ಕೂ ಅವರು ಅದನ್ನೇ ಮಾಡಿಸಿದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಣ್ಣಿನ ಗೌರಿಗೆ ಹಾಗೇ ಮಾಡುವುದು, ಹಾಗಾಗಿ ಮಕ್ಕಳು ಯಾಕೆ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಇನ್‌ಸ್ಪೆಕ್ಟರು ಬರುವುದು ಅಮಾವಾಸ್ಯೆ ಕಳೆದ ಮೇಲಿನ ವಾರ ಎಂದು ಪತ್ರ ಬಂದಿತ್ತು. ಮೇಷ್ಟರು ಅಮಾವಾಸ್ಯೆ ಮುಗಿದ ಮೊದಲ ಶುಕ್ರವಾರ ಗೊತ್ತು ಮಾಡಿದರು. ಅವತ್ತು ಬೆಳಿಗ್ಗೆ ಎಲ್ಲ ಮಕ್ಕಳೂ ಸ್ನಾನ ಮಾಡಿ ಬಂದು ಒಟ್ಟಿಗೆ ಕಣ್ಣಿಡುವುದೆಂದಾಯಿತು.

ಅಮಾವಾಸ್ಯೆಯ ದಿನವೇ, ಬೆಳಗಿನ ಬಸ್ಸಿನಲ್ಲಿ ಮದ್ದೂರಿನಿಂದ ಜವಾನ ಬಂದ. ಇನ್‌ಸ್ಪೆಕ್ಟರು ರಾತ್ರಿಯೇ ಮದ್ದೂರಿನ ಬಂಗಲೆಯಲ್ಲಿ ಇಳಿದಿದ್ದಾರೆ, ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಾರೆ ಎಂದ.

ನಾನು ಡ್ರಾಯಿಂಗ್ ಕೋಣೆಗೆ ಓಡಿದೆ. "ಮೇಷ್ಟ್ರೇ, ಬೇಗ ಕಣ್ಣಿಡಿಸಿ."

"ಅಮಾಸೆ ಸ್ವಾಮಿ ಇವತ್ತು."

"ನಿಮ್ಮ ಕೆಲಸದ ಪ್ರಶ್ನೆ ಇದು."

"ಗೊತ್ತು. ಅದಕ್ಕೆ ಅಂತ ಅಮಾಸೆ ದಿನ ಕಣ್ಣಿಡಕಾಯ್ತದಾ? ನಮ್ಮಪ್ಪ ಇಟ್ಟೋನಲ್ಲ, ನಮ್ಮ ತಾತ ಇಟ್ಟೋನಲ್ಲ." ಕಪ್ಪಿನ ಚಿಪ್ಪನ್ನೂ ಕಡ್ಡಿಯನ್ನೂ ನನ್ನ ಮುಂದೆ ಸರಿಸಿದರು. "ನೀವು ಓದ್ದೋರು. ನಿಮಗೆ ಅಡ್ಡಿ ಇಲ್ದಿದ್ರೆ ಇಡಿ. ನಾನು ಬ್ಯಾಡ ಅನ್ನಾಕಿಲ್ಲ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾನು ಕಡ್ಡಿ ತೆಗೆದುಕೊಂಡೆ. ಮೇಲಿದ್ದ ಚಿತ್ರ ಒಬ್ಬಳು ಅಜ್ಜಿಯದು. ಬರೆದ ಹುಡುಗಿ ಎದ್ದು ನಿಂತಳು. "ನಮ್ಮಜ್ಜಿಗೆ ಇವತ್ತು ಬ್ಯಾಡಿ ಸಾ. ಮೈಗೆ ಉಸಾರಿಲ್ಲ ಅವ್ಳಿಗೆ."

ತರ್ಕಶಾಸ್ತ್ರವನ್ನು ನಾನು ಓದಿದ್ದೆ. ಕಾಗದದ ಮೇಲೆ ಎರಡು ಚುಕ್ಕೆ ಇಡುವುದಕ್ಕೂ ಮುದುಕಿಯ ಕಾಯಿಲೆಗೂ ಯಾವ ಸಂಬಂಧವೂ ಇಲ್ಲವೆಂದು ಗೊತ್ತಿತ್ತು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಕಡ್ಡಿ ಕೆಳಗಿಟ್ಟೆ.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಒಂದೊಂದೇ ಚಿತ್ರ ನೋಡುತ್ತ ನಡೆದು ಕೊನೆಗೆ ನಿಂತರು. "ಏನ್ರೀ ಇದು, ನಿಮ್ಮೂರಲ್ಲಿ ಯಾರಿಗೂ ಕಣ್ಣೇ ಇಲ್ಲವಲ್ಲ?"

"ಶುಕ್ರವಾರ ಇಡುತ್ತೇವೆ ಸಾರ್," ಎಂದೆ. ನನ್ನ ಕಿವಿಗೇ ಅದು ಪೆದ್ದುಪೆದ್ದಾಗಿ ಕೇಳಿಸಿತು. ಕಾರಣ ವಿವರಿಸಿದೆ. ವಿವರಿಸಿದಷ್ಟೂ ಕೆಟ್ಟಿತು.

"ಇದು ಡ್ರಾಯಿಂಗ್ ಕ್ಲಾಸೋ, ದೇವಸ್ಥಾನವೋ? ಅರ್ಧ ಉತ್ತರ ಬರೆದವನನ್ನ ನೀವು ಪಾಸು ಮಾಡ್ತೀರಾ?" ಇಲಾಖೆಯ ಹಾಳೆಗಳನ್ನು ಕೇಳಿದರು. ಬೀರುವಿನಿಂದ ತೆಗೆದಾಗ ಮೇಲೆಲ್ಲ ಧೂಳು. ಒಬ್ಬ ಹುಡುಗನನ್ನು ಕರೆದು, "ಇದನ್ನ ಬಿಡು. ಬೋರ್ಡಿನ ಮೇಲೆ ಒಂದು ಚೊಂಬು ಬರಿ ನೋಡೋಣ" ಎಂದರು.

ಹುಡುಗ ಸರಾಗವಾಗಿ ಬರೆದ. ನನಗೆ ಜೀವ ಬಂತು. ಇನ್‌ಸ್ಪೆಕ್ಟರು ತಲೆ ವಾರೆ ಮಾಡಿ ನೋಡಿದರು. "ಎರಡೂ ಪಕ್ಕ ಸಮ ಇಲ್ಲ."

"ನಮ್ಮನೆ ಚೊಂಬು ನೆಗ್ಗೋಗದೆ ಸಾ," ಎಂದ ಹುಡುಗ. "ನಮ್ಮ ಎಮ್ಮೆ ಒದ್ಬುಟ್ಟದೆ."

ಮಕ್ಕಳು ನಕ್ಕರು. ಇನ್‌ಸ್ಪೆಕ್ಟರೂ ನಕ್ಕರು. ಕಂಡದ್ದನ್ನೇ ಬರಿ ಎಂದು ನಾವು ಹೇಳಿಕೊಟ್ಟಿದ್ದನ್ನು ಆ ಹುಡುಗ ಅಕ್ಷರಶಃ ಕಲಿತಿದ್ದ. ಅದನ್ನು ಅವರಿಗೆ ಹೇಳಬೇಕೆಂದು ಮುಂದೆ ಬಂದೆ. ಅಷ್ಟರಲ್ಲಿ ಅವರು ಗಣಿತದ ಕ್ಲಾಸಿನ ಕಡೆ ಹೊರಟಿದ್ದರು.

ಮುಂದಿನ ವಾರ ರಜಾ ಹಾಕಿ ಮಂಡ್ಯದಲ್ಲಿದ್ದ ಇನ್‌ಸ್ಪೆಕ್ಟರ ಕಛೇರಿಗೆ ಹೋದೆ. ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂರಿಸಿ ಆಮೇಲೆ ಒಳಗೆ ಕರೆದರು. ಚಿತ್ರಗಳಿಗೆ ಈಗ ಕಣ್ಣಿಟ್ಟಾಗಿದೆ, ಇನ್ನೊಂದು ಸಲ ದಯಮಾಡಿಸಬೇಕು ಎಂದೆ.

"ವರದಿ ಹೋಗಾಯ್ತಲ್ರೀ. ಆದರೆ ನಿಮ್ಮ ವಿಷಯ ಒಳ್ಳೆಯದಾಗಿಯೇ ಬರೆದಿದ್ದೀನಿ. ಒಕ್ಕಲುಮಕ್ಕಳಲ್ಲಿ ನಿಮ್ಮಂಥ ಗ್ರಾಜುಯೇಟುಗಳು ಎಷ್ಟು ಜನ ಇದ್ದಾರೆ? ಹೈಸ್ಕೂಲಿಗೆ ಶಿಫಾರಸು ಮಾಡಿದ್ದೀನಿ. ಈ ಬಣ್ಣಗಿಣ್ಣ ನಿಮಗೆ ಯಾಕೆ?"

ನಾನು ಕೇಳಲು ಹೋದದ್ದು ಬೇರೆ, ಸಿಕ್ಕಿದ್ದು ಬೇರೆ. ಬೇಡ ಎನ್ನುವ ಧೈರ್ಯವಿರಲಿಲ್ಲ. ಬೇಡ ಅಂದರೂ ಮೇಷ್ಟರ ಹುದ್ದೆ ಉಳಿಯುತ್ತಿರಲಿಲ್ಲ. ಕೈ ಮುಗಿದು ಹೊರಗೆ ಬಂದೆ.

ಹುದ್ದೆ ರದ್ದಾದ ಆರ್ಡರು ಬೇಸಿಗೆಗೆ ಮುಂಚೆ ಬಂತು. ನನ್ನ ಕೈಯಿಂದಲೇ ಮೇಷ್ಟರಿಗೆ ಕೊಡಬೇಕಾಯಿತು. ಅವರು ಕೋಟಿನ ಒಳಜೇಬಿನಲ್ಲಿ ಅದನ್ನಿಟ್ಟುಕೊಂಡು, "ನನ್ನ ಪೀರಿಯಡ್ಡಿಗೆ ಏನ್ ಆಕ್ತೀರಿ?" ಎಂದರು.

"ಲೆಕ್ಕ ಹಾಕಬೇಕಂತೆ. ನಾನೇ ತೆಗೆದುಕೊಳ್ತೀನಿ."

"ಒಳ್ಳೇದು. ಅವರ ಕ್ಲಾಸಲ್ಲಿ ಕಿಟಕಿ ಪಕ್ಕದ ಬೆಂಚಿನ ಐಕಳಿಗೆ ಬಿಸಿಲಿಗೆ ಬೋರ್ಡು ಒಳೀತದೆ, ಕಾಣಾಕಿಲ್ಲ. ವಸಿ ಈ ಕಡೆ ಕೂರಿಸ್ಕೊಳ್ಳಿ."

ಮರುದಿನ ಮಧ್ಯಾಹ್ನ ಗಂಟೆ ಹೊಡೆಯಿತು. ಮಕ್ಕಳು ಎಂದಿನಂತೆ ಡ್ರಾಯಿಂಗ್ ಕೋಣೆಗೆ ಹೋಗಲು ಎದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಡ್ರಾಯಿಂಗ್ ಮೇಷ್ಟ್ರು ಬರಾಕಿಲ್ವಾ ಸಾ?"

"ಇಲ್ಲ. ಕೂತ್ಕೊಳ್ಳಿ" ಎಂದೆ. ಕಿಟಕಿ ಪಕ್ಕದವರನ್ನು ಈ ಕಡೆ ಕೂರಿಸಿ, ಬೋರ್ಡಿನ ಮೇಲೆ ಬಡ್ಡಿ ಲೆಕ್ಕ ಬರೆಯತೊಡಗಿದೆ.