ವಾಡಿ ಸ್ಟೇಷನ್ನಿನಲ್ಲಿ ಬಿಟ್ಟ ಚೀಲ

ರಾಬಿಯಾ ಚಾಚಿ, ವಾಡಿ ಸ್ಟೇಷನ್ನಿನಲ್ಲಿ ಆ ಹಗ್ಗದ ಚೀಲವನ್ನು ಬಿಟ್ಟುಹೋದವನು ನಾನು. ನಿಮ್ಮ ತಮ್ಮ ಮಹಿಬೂಬನಲ್ಲ. ಮರೆತು ಬಿಟ್ಟದ್ದೂ ಅಲ್ಲ — ನೋಡನೋಡುತ್ತಲೇ ಬಿಟ್ಟೆ. ಆಮೇಲೆ ನಿಮ್ಮ ಯಜಮಾನರಾದ ಖಾದರ್ ಚಾಚಾರ ಮುಂದೆ ನಿಂತು ಸುಳ್ಳು ಹೇಳಿದೆ. ನೀವು ಇಷ್ಟು ವರ್ಷ ತಮ್ಮನ ಮುಖ ನೋಡದೆ ಇದ್ದೀರಲ್ಲ, ಆ ಸಿಟ್ಟು ನನ್ನ ಪಾಲಿನದು.

ನಾನು ಬಿ.ಎ. ಪಾಸಾದ ವರ್ಷದ ಚಳಿಗಾಲ ಅದು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವನು ನಾನೇ. ಅದರ ಸೊಕ್ಕು ನನಗೆ ಎಷ್ಟಿತ್ತೋ, ಟಾಂಗಾ ಹೊಡೆಯುವ ನಿಮ್ಮ ಯಜಮಾನರಿಗೆ ಅದಕ್ಕಿಂತ ಹೆಚ್ಚು ಹೆಮ್ಮೆಯಿತ್ತು. ಫಲಿತಾಂಶ ಬಂದ ದಿನ ನನ್ನನ್ನು ಟಾಂಗಾದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೇಡಂ ಬಜಾರದ ತುಂಬ ನಿಧಾನಕ್ಕೆ ಓಡಿಸಿದರು. ಕೇಳಿದವರಿಗೂ ಕೇಳದವರಿಗೂ, “ನೋಡ್ರಿ, ನಮ್ಮ ಓಣಿ ಬಿ.ಎ. ಹೊಂಟಾನ, ದಾರಿ ಬಿಡ್ರಿ” ಎಂದರು. ಹೀರಾ ಸಹ ಅವತ್ತು ಕತ್ತು ಎತ್ತಿಕೊಂಡೇ ನಡೆದಿತ್ತು.

ಹೀರಾ ನಿಮ್ಮ ತವರಿನ ಕುದುರೆ. ನಿಮ್ಮ ಅಪ್ಪ ಅದನ್ನು ಮಗನಿಗೆ ಕೊಡದೆ ಅಳಿಯನಿಗೆ ಕೊಟ್ಟರೆಂದು ಮಹಿಬೂಬ ಮಾಮಾ ಮುನಿಸಿಕೊಂಡು ನಿಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ. ಶಹಾಬಾದಿನಲ್ಲಿ ಕುದುರೆಗಳ ಪ್ರದರ್ಶನ ಇದೆ, ರಾತ್ರಿ ಅಲ್ಲೇ ಕಟ್ಟಬೇಕು ಎಂದು ತಿಳಿದಾಗ ನೀವೇ ಅವನಿಗೆ ಹೇಳಿಕಳಿಸಿದಿರಿ. ಅವನು ವಾಡಿಯಲ್ಲಿ ಕಲ್ಲಿನ ಕೆಲಸದಲ್ಲಿದ್ದ. “ಸಾಮಾನು ಗಾಡಿ ಬದಲಿ ಮಾಡೋದು ನನ್ನ ಕಡಿ ಬಿಡ್ರಿ” ಎಂದು ಮಾತು ಕಳಿಸಿದ. ಆ ಸುದ್ದಿ ಕೇಳಿ ನೀವು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ನೋಡಿಯೂ —

ಚಾಚಾ ಹೀರಾಳನ್ನು ಚಿತ್ತಾಪುರದ ಮೇಲೆ ರಸ್ತೆಗುಂಟ ನಡೆಸಿಕೊಂಡು ಹೋಗುವುದು, ನಾನು ರೈಲಿನಲ್ಲಿ ಸಾಮಾನು ತರುವುದು ಎಂದಾಯಿತು. ನಿಮ್ಮ ಅಂಗಳದಲ್ಲಿ ಕೂತು ನಾವಿಬ್ಬರೂ ಕಟ್ಟಿದೆವು. ಜೋಳದ ಕಣಿಕೆಯ ಸಿವುಡುಗಳು, ಕಡಲೆಯ ಚೀಲ, ಕಡಲೆ ತಿನ್ನಿಸಲು ಬಾಯಿಗೆ ಕಟ್ಟುವ ತೋಬರಾ, ಮೈ ತಿಕ್ಕುವ ಬ್ರಷ್, ಹೊದಿಸುವ ಕಂಬಳಿ. ಕೊನೆಗೆ ನೀವು ಒಳಗಿನಿಂದ ಪಿಛಾಡಿ ತಂದಿರಿ — ಹಿಂಗಾಲಿಗೆ ಕಟ್ಟುವ ಹಗ್ಗ. ನಿಮ್ಮ ಹಳೆಯ ನೂಲಿನ ಸೀರೆಗಳನ್ನು ಹರಿದು, ಹೊಸೆದು, ಕಾಲಿಗೆ ತಾಗುವಲ್ಲಿ ಹತ್ತಿ ತುಂಬಿ ಹೊಲಿದದ್ದು. ಬೇರೆ ಕುದುರೆ ಕಂಡರೆ ಹೀರಾ ಒದೆಯುತ್ತಿತ್ತು. ಬಿರುಸಾದ ಹಗ್ಗ ಅದರ ತೊಗಲಿಗೆ ಆಗುತ್ತಿರಲಿಲ್ಲ.

“ಇದೊಂದು ಮಾತ್ರ ನಿನ್ನ ಕೈಯಾಗ ಇರ್ಲಿ, ಬಿ.ಎ. ಸಾಬ್” ಎಂದಿರಿ. “ಉಳಿದದ್ದು ಹೋದ್ರ ಅಲ್ಲೇ ತಗೋಬಹುದು.”

ಅದನ್ನು ಬೇರೆ ಚೀಲದಲ್ಲಿ ಹಾಕಿ ಬಾಯಿ ಹೊಲಿದಿರಿ. ಚೀಲಕ್ಕೆ ಲಾಯದ ವಾಸನೆ ಇತ್ತು.

ವಾಡಿಯಲ್ಲಿ ಮಹಿಬೂಬ ಮಾಮಾ ಕಾದು ನಿಂತಿದ್ದ. ಮೈಮೇಲೆಲ್ಲ ಕಲ್ಲಿನ ಪುಡಿ. ಸೇಡಂ ಗಾಡಿಯಿಂದ ಎಲ್ಲವನ್ನೂ ತಾನೇ ಇಳಿಸಿದ. ಹಗ್ಗದ ಚೀಲದ ಬಗ್ಗೆ ನೀವು ಹೇಳಿದ್ದನ್ನು ನಾನು ಅವನಿಗೆ ತಿಳಿಸಿದೆ. ಶಹಾಬಾದಿನ ಗಾಡಿ ಬಂದಾಗ ಕಣಿಕೆ, ಕಡಲೆ ಹೊತ್ತುಕೊಂಡು ಸಾಮಾನಿನ ಡಬ್ಬಿಗೆ ಓಡುತ್ತ, ಹಗ್ಗದ ಚೀಲ ನನ್ನ ಕೈಗಿಟ್ಟ. “ಅಕ್ಕ ಹೇಳ್ಯಾಳಲ್ಲ, ಇದು ನಿನ್ನ ಕಡೀನೇ ಇರ್ಲಿ. ಹತ್ತಿಬಿಡು” ಎಂದ.

ಹತ್ತಬೇಕು ಅನ್ನುವಷ್ಟರಲ್ಲಿ ಮುಂದಿನ ಕಿಟಕಿಯಲ್ಲಿ ಕಾಲೇಜಿನ ಗೆಳೆಯರು ಕಂಡರು. ಅವರಲ್ಲೊಬ್ಬ ಕಿರುಚಿದ: “ಏನೋ ಬಿ.ಎ., ಕುದರಿ ಕಾಯೋ ನೌಕರಿ ಸಿಕ್ಕತೇನು? ವಾಸನಿ ಇಲ್ಲೀತನಕ ಬರ್ಲಿಕತ್ತದ!”

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ ಅದು, ಗೆಳೆಯರ ನಗೆ. ನಾನೂ ನಕ್ಕು ಮುಗಿಸಬಹುದಿತ್ತು. “ನಂದಲ್ಲೋ, ಯಾರದೋ ಚೀಲ” ಎಂದೆ. ಎಂದ ಮೇಲೆ ಅದನ್ನು ಹೇಗೆ ಹೊತ್ತು ಹತ್ತಲಿ? ಪ್ಲಾಟ್‌ಫಾರಂನ ಬೆಂಚಿನ ಕೆಳಗೆ ಸರಿಸಿ, ಇಸ್ತ್ರಿ ಮಾಡಿದ ನನ್ನ ಪ್ಯಾಂಟನ್ನು ಕೊಡವಿಕೊಂಡು ಹತ್ತಿದೆ. ಗಾಡಿ ಬಿಟ್ಟಾಗ ಕಿಟಕಿಯಿಂದ ಆ ಚೀಲ ಕಾಣುತ್ತಲೇ ಇತ್ತು.

ಶಹಾಬಾದಿನ ಬಯಲಿನಲ್ಲಿ ಚಾಚಾ ಹೀರಾಳ ಮೈ ಒರೆಸುತ್ತಿದ್ದರು. ಒಂದೊಂದೇ ಗಂಟು ಬಿಚ್ಚಿ ನೋಡಿ, “ಪಿಛಾಡಿ ಎಲ್ಲಿ?” ಎಂದರು.

“ಮಹಿಬೂಬ ಮಾಮಾ ಅದನ್ನ ಹತ್ತಿಸ್ಲಿಲ್ಲ ಅನಸ್ತದ” ಎಂದೆ.

ಅನಸ್ತದ. ಸುಳ್ಳನ್ನು ಸುಳ್ಳಿನಂತೆ ಹೇಳದೆ ಇರುವುದನ್ನು ನಾನು ಆಗಲೇ ಕಲಿತಿದ್ದೆ. ಆ ಮನೆಯ ಹಳೆಯ ಮುನಿಸು ನನಗೆ ಗೊತ್ತಿತ್ತು; ಮಾತು ಎಲ್ಲಿ ಬಿದ್ದರೆ ಹತ್ತಿಕೊಳ್ಳುತ್ತದೆ ಎಂದೂ ಗೊತ್ತಿತ್ತು. ಚಾಚಾ ಕಲ್ಲಿನ ಬಂಡಿಯವರ ಹತ್ತಿರ ಒಂದು ಸೆಣಬಿನ ಹಗ್ಗ ಕೇಳಿ ತಂದು ಕಟ್ಟಿದರು. ನಾನು ಗೆಳೆಯರ ಜೊತೆ ಊರೊಳಗೆ ಮಲಗಲು ಹೋದೆ.

ಬೆಳಿಗ್ಗೆ ಬಂದಾಗ ಹೀರಾ ಮೂರು ಕಾಲಿನ ಮೇಲೆ ನಿಂತಿತ್ತು. ಪಕ್ಕದ ಗಂಡುಕುದುರೆಗೆ ಬೆದರಿ ರಾತ್ರಿಯೆಲ್ಲ ಜಗ್ಗಾಡಿದ್ದಕ್ಕೆ ಹಗ್ಗ ಹಿಂಗಾಲಿನ ಗೆಣ್ಣಿನಲ್ಲಿ ಗರಗಸದ ಹಾಗೆ ಇಳಿದಿತ್ತು. ಚಾಚಾ ಅದರ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆಗ ಮಹಿಬೂಬ ಮಾಮಾ ಬಂದ. ಬೆಂಚಿನ ಕೆಳಗೆ ಚೀಲ ಕಂಡು, ಬೇರೆ ಗಾಡಿ ಇಲ್ಲದೆ, ಕೆಲಸ ಮುಗಿಸಿ ವಾಡಿಯಿಂದ ಹಳಿಗುಂಟ ನಡೆದು ಬಂದಿದ್ದ. ಚೀಲ ಹೆಗಲ ಮೇಲಿತ್ತು.

“ಈಗ ತಂದೇನು?” ಎಂದರು ಚಾಚಾ. “ಕುದರಿ ಕುಂಟಾತು, ನೋಡಿ ಹೋಗು. ನಿನ್ನ ಹೊಟ್ಟಿ ತಣ್ಣಗಾಗ್ಲಿ.”

“ಭಾಯಿ, ನಾ ಇವನ ಕೈಯಾಗ ಕೊಟ್ಟೀನಿ. ಖುದಾನ ಆಣೆ. ಬೇಕಾದ್ರ ಇವನ್ನೇ ಕೇಳ್ರಿ.”

ಚಾಚಾ ನನ್ನ ಕಡೆ ತಿರುಗಿದರು. ಕೇಳುವ ಮೊದಲೇ ಉತ್ತರ ಅವರ ಮುಖದಲ್ಲಿತ್ತು. “ಇಷ್ಟು ಓದಿದ ಹುಡುಗ ಸುಳ್ಳ ಹೇಳ್ತಾನೇನು? ಹೇಳಪ್ಪ, ನಿನ್ನ ಕೈಯಾಗ ಕೊಟ್ಟಾನೇನು?”

“ಇಲ್ಲ.”

ಅಷ್ಟೇ ಚಾಚಿ. ಒಂದೇ ಮಾತು. ಮಹಿಬೂಬ ಮಾಮಾ ಮತ್ತೆ ಆಣೆ ಹಾಕಲಿಲ್ಲ. ಬೈಯಲಿಲ್ಲ. ನಾನು ಇನ್ನೇನು ನಿಜ ಹೇಳಿಬಿಡುತ್ತೇನೆ ಎಂಬಂತೆ ನನ್ನನ್ನು ನೋಡಿದ. ನಂತರ ಚೀಲವನ್ನು ಹೀರಾಳ ಮುಂದೆ ಇಳಿಸಿ, ಅದರ ಹಣೆ ಸವರಿ, ಬಂದ ದಾರಿ ಹಿಡಿದ.

ಊರ ಮುಂದೆ ಮೆರೆಸಿದ ನನ್ನ ಓದು ಆ ಬಯಲಿನಲ್ಲಿ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತು. ಚಾಚಾ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದರು. ಅವರ ಮಯ್ಯತ್ತಿಗೆ ಮಹಿಬೂಬ ಮಾಮಾ ಬಂದು ಬೀದಿಯಲ್ಲೇ ನಿಂತಿದ್ದ. ನೀವು ಒಳಗೆ ಕರೆಯಲಿಲ್ಲ. ಮಗಳ ಊರಿಗೆ ಹೋಗುವಾಗ ವಾಡಿ ಬಂದರೆ ನೀವು ಕಿಟಕಿ ಇಳಿಸುತ್ತೀರಿ. ಒಮ್ಮೆ ನಾನು ನಿಮ್ಮ ಎದುರಿಗೇ ಕೂತಿದ್ದೆ. ಬಾಯಿ ತೆರೆದೆ. “ಗಾಳಿ ಭಾಳ ಅದ” ಎಂದೆ.

ಇದನ್ನು ಬರೆದ ಮಾತ್ರಕ್ಕೆ ಮುಗಿಯಲಿಲ್ಲ, ಗೊತ್ತು. ನಿಮಗೆ ಓದು ಬಾರದು. ಓದುವವರ ಮುಂದೆ ಒಪ್ಪಿಕೊಂಡು ನಿಮ್ಮ ಮುಂದೆ ಸುಮ್ಮನಿರುವುದು ಅದೇ ನನ್ನ ಹಳೆಯ ಜಾಣತನ. ವಾಡಿಯಲ್ಲಿ ಇಳಿದು ಮಹಿಬೂಬ ಮಾಮಾನನ್ನು ಜೊತೆಗೆ ಕರೆತರಲೇ ಅಂದುಕೊಂಡಿದ್ದೆ. ಬೇಡ. ಅವನ ಒಳ್ಳೆಯತನದ ಮರೆಯಲ್ಲಿ ನಿಂತು ಹೇಳಬಾರದು.

ಒಬ್ಬನೇ ಬರುತ್ತೇನೆ. ನೀವು ಎಂದಿನಂತೆ “ಕುಂದ್ರು ಬಿ.ಎ. ಸಾಬ್, ಚಾ ಇಡ್ತೀನಿ” ಎನ್ನುತ್ತೀರಿ. ನಾನು ಕೂರುವುದಿಲ್ಲ. ನೀವು ಒಲೆಯ ಕಡೆ ತಿರುಗುವ ಮೊದಲೇ ಹೇಳಬೇಕು. ಆ ಮನೆಯ ಚಹಾ ಕುಡಿದು ಸುಮ್ಮನೆ ಎದ್ದುಬರುವುದು ನನಗೆ ಚೆನ್ನಾಗಿ ರೂಢಿಯಾಗಿಬಿಟ್ಟಿದೆ.