ಎಷ್ಟು ಹೊತ್ತು ತಡೀತೈತಿ?

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ಮೂಕಪ್ಪನ ಮೋಟಾರ್ ವೈಂಡಿಂಗ್ ಅಂಗಡಿಗೆ ಸುಟ್ಟ ಮೋಟಾರು ಹೊತ್ತು ತಂದವರೆಲ್ಲ ಕೇಳುವುದು ಒಂದೇ ಮಾತು: ‘ಯಾವಾಗ ಕೊಡ್ತೀರಿ?’ ಆ ಪ್ರಶ್ನೆಗೆ ಅಲ್ಲಿ ವೈಂಡಿಂಗ್ ಮಾಡುವ ವಿರುಪಮ್ಮ ಹನ್ನೆರಡು ವರ್ಷದಿಂದ ಉತ್ತರ ಕೊಟ್ಟಿಲ್ಲ. ತಿರುಗಿ ಅವಳೇ ಕೇಳುತ್ತಾಳೆ: ‘ನಿಮಗ ಎಷ್ಟು ಹೊತ್ತು ತಡೀತೈತಿ?’

ಗಿರಾಕಿ ಅರ್ಜೆಂಟ್ ಅನ್ನುತ್ತಾನೆ. ಅರ್ಜೆಂಟ್ ಅನ್ನದ ಗಿರಾಕಿ ಹೊಸಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ವಿರುಪಮ್ಮ ಬಿಡುವುದಿಲ್ಲ. ಮೋಟಾರು ನಿಂತರೆ ಏನು ನಿಲ್ಲುತ್ತದೆ, ಯಾರಿಗೆ ನಿಲ್ಲುತ್ತದೆ, ಬೇರೆ ದಾರಿ ಇದೆಯೋ ಇಲ್ಲವೋ ಎಂದು ಪೊಲೀಸರೂ ಕೇಳದಷ್ಟು ಕೇಳಿ, ಕೊನೆಗೆ ಚಾಕ್‌ಪೀಸ್ ತೆಗೆದು ಮೋಟಾರಿನ ಮೈಮೇಲೆ ಒಂದು ಪದ ಬರೆಯುತ್ತಾಳೆ. ‘ಈಗ’ ಎಂದು ಬರೆದದ್ದು ಅವಳ ಸ್ಟೂಲಿನ ಪಕ್ಕಕ್ಕೆ ಬರುತ್ತದೆ. ‘ತಡೀತೈತಿ’ ಗೋಡೆಯ ಬದಿಗೆ ಹೋಗುತ್ತದೆ. ‘ಇರ್ಲಿ’ ಎಂದು ಬರೆಸಿಕೊಂಡದ್ದು ಮೂಲೆಯ ಮಂಚದ ಕೆಳಗೆ ಸೇರಿ ಧೂಳು ತಿನ್ನುತ್ತದೆ. ಅವಳ ಸ್ವಂತ ಮಿಕ್ಸಿ ಯುಗಾದಿಯಿಂದ ಆ ಮಂಚದ ಕೆಳಗೇ ಇದೆ. ಮನೆಯಲ್ಲಿ ಒರಳು ಇದೆಯಲ್ಲ, ಅದಕ್ಕೇನು ಅವಸರ!

ಅವಳು ಈ ಅಂಗಡಿಗೆ ಬಂದದ್ದು ಕಸ ಗುಡಿಸಲು. ಮೂಕಪ್ಪನ ಕಣ್ಣು ಮಂಜಾಗತೊಡಗಿದಾಗ ತಾಮ್ರದ ತಂತಿಯ ಸುತ್ತು ಎಣಿಸಿಕೊಡಲು ಅವನ ಪಕ್ಕ ಕೂತವಳು ಮತ್ತೆ ಪೊರಕೆ ಹಿಡಿಯಲಿಲ್ಲ. ಆಗ ಅವಳೂ ಎಲ್ಲರ ಹಾಗೆ ದಿನ, ಗಂಟೆ ಹೇಳಿ ಕೊಡುತ್ತಿದ್ದಳು. ಒಂದು ಸಲ ದರೋಜಿ ಕಡೆಯ ಹೆಂಗಸೊಬ್ಬಳು ಕುಡಿಯುವ ನೀರಿನ ಬಾವಿಯ ಮೋಟಾರು ತಂದಳು. ಗುರುವಾರ ಸಂಜೆ ಅಂದಳು ವಿರುಪಮ್ಮ. ಅದಕ್ಕೂ ಮುಂಚೆ ಯಾರದೋ ಏರ್‌ಕೂಲರು, ಯಾರದೋ ಹಿಟ್ಟಿನ ಗಿರಣಿ ಮುಗಿಸಿ, ಗುರುವಾರ ಸಂಜೆ ಹೇಳಿದ ಹೊತ್ತಿಗೇ ಕೊಟ್ಟಳು. ಹೆಂಗಸು ಮೋಟಾರು ಎತ್ತಿಕೊಳ್ಳುತ್ತ ಹೇಳಿದಳು: “ಮೂರು ದಿನ ಹೊಂಡದ ನೀರು ಕುಡದ್ವಿ. ಅರ್ಧ ಕೇರಿಗೆ ವಾಂತಿ ಭೇದಿ ಆತು.” ಮೊದಲೇ ಯಾಕೆ ಹೇಳಲಿಲ್ಲ ಎಂದು ವಿರುಪಮ್ಮ ಗದರಿದಳು. ಹೆಂಗಸು ಸುಮ್ಮನೆ ಅಂದಳು: “ನೀವು ಕೇಳಲಿಲ್ಲಲ್ಲ ಅಕ್ಕಾ.”

ಚಾಕ್‌ಪೀಸ್ ಬಂದದ್ದು ಮರುದಿನ.

ಈ ವರ್ಷ ಅಂಗಡಿಗೆ ಮೂಕಪ್ಪನ ಅಳಿಯ ಪಂಪೇಶ್ ಬಂದ. ಡಿಪ್ಲೊಮಾ ಓದಿದವನು, ದೋಣಿಮಲೈ ಗಣಿಯ ಕಡೆ ಗುತ್ತಿಗೆದಾರನ ಹತ್ತಿರ ಸೂಪರ್‌ವೈಸರ್ ಆಗಿದ್ದವನು. ಕೆಟ್ಟವನಲ್ಲ, ಆದರೆ ಗಡಿಯಾರದ ಮೇಲೆ ಅವನಿಗಿದ್ದ ಭಕ್ತಿಯಲ್ಲಿ ಕಾಲು ಭಾಗ ಮನುಷ್ಯರ ಮೇಲಿದ್ದರೆ ಚೆನ್ನಾಗಿತ್ತು. ಮೊಬೈಲಿನಲ್ಲಿ ಅದೇನೋ ಆಪ್ ಹಾಕಿದ. ಒಂದೊಂದು ಮೋಟಾರಿಗೂ ಒಂದೊಂದು ‘ಸ್ಲಾಟು’. ಗಿರಾಕಿಗೆ ತಾನೇ ಮೆಸೇಜು ಹೋಗುತ್ತದೆ: ನಿಮ್ಮ ಮೋಟಾರು ಸಂಜೆ ನಾಲ್ಕಕ್ಕೆ ಸಿದ್ಧ.

ವೈಂಡಿಂಗ್ ಮಾಡುವವರಿಗೆ ಸ್ಲಾಟು ಅಂದರೆ ಬೇರೆ. ಮೋಟಾರಿನ ಕಬ್ಬಿಣದೊಳಗೆ ಸುತ್ತಲೂ ಕೊರೆದ ಸೀಳುಗಳು ಅವು. ಸುತ್ತಿದ ತಂತಿಯ ಸಿಂಬೆ, ಅಂದರೆ ಕಾಯಿಲು, ಕೂರುವುದು ಅವುಗಳಲ್ಲೇ.

“ಪಂಪಣ್ಣ, ಸ್ಲಾಟು ಕಬ್ಬಿಣದಾಗ ಇರ್ತಾವ್ರಿ, ದಿನದಾಗ ಇರಂಗಿಲ್ಲ,” ಅಂದಳು ವಿರುಪಮ್ಮ. ಅವನ ಆಪಿಗೆ ಅವಳು ಸೊಪ್ಪು ಹಾಕಲಿಲ್ಲ. ಅವನು ಬೆಳಿಗ್ಗೆ ಚಾಕ್‌ಪೀಸ್ ಬರಹ ಒರೆಸುವುದು, ಇವಳು ಮತ್ತೆ ಬರೆಯುವುದು, ಹೀಗೇ ಎರಡು ತಿಂಗಳು ನಡೆಯಿತು.

ಮೊನ್ನೆ ಬುಧವಾರ ಅದು ತುದಿ ಮುಟ್ಟಿತು. ಹಂಪಿ ದಾರಿಯ ರೆಸಾರ್ಟೊಂದರ ಕಾರಂಜಿಯ ಮೋಟಾರು ಬಂದಿತ್ತು. ಸ್ಲಾಟು ಸಂಜೆ ನಾಲ್ಕಕ್ಕೆ. ಆರಕ್ಕೆ ಅಲ್ಲಿ ಯಾರದೋ ಪಾರ್ಟಿ. ವಿರುಪಮ್ಮ ಅದನ್ನು ಬಿಚ್ಚುವ ಹೊತ್ತಿಗೆ ಕಂಪ್ಲಿ ಕಡೆಯಿಂದ ಎರ್ರೆಮ್ಮ ಆಟೊದಲ್ಲಿ ಬಂದಿಳಿದಳು. ಸಂಘದ ಹೆಂಗಸರು ಸೇರಿ ತೊಟ್ಟಿಗಳಲ್ಲಿ ಮೀನುಮರಿ ಸಾಕುತ್ತಾರೆ, ಅವರಲ್ಲಿ ಒಬ್ಬಳು. ನೀರಿಗೆ ಗಾಳಿ ಊದುವ ಮೋಟಾರು ನಸುಕಿನಲ್ಲಿ ಸುಟ್ಟಿತ್ತು.

“ಎಷ್ಟು ಹೊತ್ತು ತಡೀತೈತಿ?” ಕೇಳಿದಳು ವಿರುಪಮ್ಮ.

“ಐದು ಮಂದಿ ತೊಟ್ಟಿಯಾಗ ನಿಂತು ಕೊಡದಿಂದ ನೀರು ಎತ್ತಿ ಎತ್ತಿ ಸುರೀಲಿಕ್ಕ ಹತ್ಯಾರ ಅಕ್ಕಾ. ಕೈ ನಿಂತ್ರ ಮರಿ ಮ್ಯಾಲ ಬಂದು ಬಾಯಿ ಬಿಡ್ತಾವ. ಕತ್ತಲಾಗೂ ತನ ಸುರೀತೀವಿ. ಆಮ್ಯಾಲ ರಟ್ಟಿ ಕೇಳಂಗಿಲ್ಲ.”

ವಿರುಪಮ್ಮ ಅವಳ ಕೈ ನೋಡಿದಳು. ಅಂಗೈ ನೆನೆದು ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಚಾಕ್‌ಪೀಸ್ ತೆಗೆದು ‘ಈಗ’ ಎಂದು ಬರೆದಳು.

ಪಂಪೇಶ್ ಎದ್ದು ಬಂದ. “ವಿರುಪಕ್ಕ, ಈ ಗಾಳಿ ಮೋಟಾರಿಗೆ ನಾಳೆ ಹನ್ನೊಂದರ ಸ್ಲಾಟು ಐತಿ. ರೆಸಾರ್ಟಿಗೆ ಮೆಸೇಜು ಹೋಗ್ಯದ.”

“ಕಾರಂಜಿ ನಿಂತ್ರ ಯಾರು ಸಾಯ್ತಾರ್ರಿ?”

“ಸಾಯೋ ಮಾತಲ್ಲ ಇದು. ಹೇಳಿದ ಟೈಮಿನ ಮಾತು.”

“ಟೈಮು ನೀವು ಹೇಳೀರಿ, ನಾ ಹೇಳಿಲ್ಲ. ಆ ರೆಸಾರ್ಟಿನವ್ರಿಗೆ ಫೋನ್ ಮಾಡಿ ಕೇಳ್ರಿ, ನಾಳೆ ತನ ತಡೀತೈತೇನು ಅಂತ.”

ಪಂಪೇಶನ ಮುಖ ಕೆಂಪಾಯಿತು. ಗಿರಾಕಿಗಳ ಎದುರು ಹೆಣ್ಣಾಳಿನ ಕೈಲಿ ಹೀಗೆ ಅನ್ನಿಸಿಕೊಂಡರೆ ಯಾವ ಅಳಿಯ ಸಹಿಸಿಯಾನು? “ನಾಲ್ಕಕ್ಕ ಕಾರಂಜಿ ಮೋಟಾರು ಹೊರಗ ಹೋಗಲಿಲ್ಲಂದ್ರ ನಾಳಿಯಿಂದ ನೀ ಕೆಲಸಕ್ಕ ಬರೋದು ಬ್ಯಾಡ,” ಅಂದುಬಿಟ್ಟ.

ವಿರುಪಮ್ಮನಿಗೆ ಭಯವಾಯಿತು, ಆಗಲಿಲ್ಲ ಅಂದರೆ ಸುಳ್ಳು. ಐವತ್ತು ದಾಟಿದ ಹೆಂಗಸಿಗೆ ಈ ಊರಿನ ಯಾವ ವೈಂಡಿಂಗ್ ಅಂಗಡಿ ಸ್ಟೂಲು ಕೊಡುತ್ತದೆ? ಮೂಕಪ್ಪನ ಕಡೆ ನೋಡಿದಳು. ಅಳಿಯನ ಎದುರು ಬಾಯಿ ಬಿಡುವ ವಿಷಯದಲ್ಲಿ ಮೂಕಪ್ಪ ತನ್ನ ಹೆಸರನ್ನು ಉಳಿಸಿಕೊಂಡು ಬಂದವನು. ಆದರೆ ಆ ಹೊತ್ತು ಅವನು ಕುರ್ಚಿಯನ್ನು ತಡವರಿಸುತ್ತ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದು, ತಂತಿಯ ಉರುಳೆಗೆ ಕೈಚಾಚಿದ.

ಇಬ್ಬರೂ ಕೂತರು. ಸುಟ್ಟ ತಂತಿ ಕಿತ್ತು, ಸುತ್ತು ಎಣಿಸಿ, ಇಪ್ಪತ್ನಾಲ್ಕು ಸ್ಲಾಟಿಗೂ ಕಾಗದ ಹಾಸಿದರು. ಅವಳು ಕಾಯಿಲು ಕೂರಿಸುತ್ತ ಹೋದಳು, ಅವನು ಬೆರಳಿನಲ್ಲೇ ತಡವಿ ದಾರ ಬಿಗಿದ. ವಾರ್ನಿಷ್ ಹೊಯ್ದು, ದೊಡ್ಡ ಬಲ್ಬುಗಳ ಡಬ್ಬಿಯಲ್ಲಿಟ್ಟು ಕಾಯಿಸಿದರು. ನಡುವೆ ಗಡಿಯಾರ ನಾಲ್ಕು ದಾಟಿತು. ರೆಸಾರ್ಟಿನಿಂದ ಫೋನು ಬಂತು. ಪಂಪೇಶ್ ಹೊರಗೆ ಹೋಗಿ ಹಲ್ಲು ಗಿಂಜುತ್ತ ಏನೋ ಹೇಳಿದ. ಹೊತ್ತು ಮುಳುಗುವ ಮುಂಚೆ ಮೋಟಾರು ತಿರುಗಿತು. ಎರ್ರೆಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಆಟೊ ಹತ್ತಿದಳು.

ವಿರುಪಮ್ಮ ಕೈ ತೊಳೆದಳು. “ನಾಳೆ ಬರೋದು ಬ್ಯಾಡ,” ಅಂದ ಪಂಪೇಶ್ ಮತ್ತೊಮ್ಮೆ.

ಮರುದಿನ ಒಂಬತ್ತಕ್ಕೆ ಅವಳು ಬಂದಳು. ಎರ್ರೆಮ್ಮ ಬೆಳಿಗ್ಗೆಯೇ ಫೋನ್ ಮಾಡಿದ್ದಳು. ಗಾಳಿ ಸಿಕ್ಕ ಮರಿಗಳು ತಳಕ್ಕಿಳಿದು ಆಡುತ್ತಿದ್ದವಂತೆ. ಆ ಧೈರ್ಯವೇ ಅವಳನ್ನು ಕರೆತಂದಿತ್ತು. ಪಂಪೇಶ್ ಸುಮ್ಮನಿರಲಿಲ್ಲ, ಕಾಗದ ಸಿದ್ಧಮಾಡಿದ್ದ. ಕರಿ ರಟ್ಟಿನ ಪ್ಯಾಡಿಗೆ ಸಿಕ್ಕಿಸಿ ಮುಂದೆ ಹಿಡಿದ. ಇವತ್ತಿನಿಂದ ಕೆಲಸದಿಂದ ಬಿಡಿಸಿದೆ ಎಂದಿತ್ತು. “ಸೈ ಹಾಕು.”

ವಿರುಪಮ್ಮ ಓದಿದಳು. ಆಮೇಲೆ ಎಲ್ಲ ಗಿರಾಕಿಗಳನ್ನೂ ನೋಡುವ ಹಾಗೆ ಅವನ ಮುಖ ನೋಡಿದಳು.

“ನನ್ನ ಬಿಡಿಸೋದು ಎಷ್ಟು ದಿನ ತಡೀತೈತಿ ಪಂಪಣ್ಣ?”

“ಏನು?”

“ನಾ ಹೋದ್ರ ಏನು ನಿಲ್ತೈತಿ, ಯಾರಿಗೆ ನಿಲ್ತೈತಿ, ಬ್ಯಾರೆ ವೈಂಡರ್ ಸಿಕ್ಯಾನೇನು? ಹೇಳ್ರಿ, ನಾ ಕೇಳಾಕ ಹತ್ತೀನಿ.”

ಪಂಪೇಶ್ ಗೋಡೆಯ ಕಡೆ ನೋಡಿದ. ಅಲ್ಲಿ ಆರು ಮೋಟಾರು ಬಾಯಿ ತೆರೆದು ಕೂತಿದ್ದವು, ಕಾರಂಜಿಯದೂ ಸೇರಿ. ಮಾವನ ಕಡೆ ನೋಡಿದ. ಮೂಕಪ್ಪ ಆಗಲೇ ಕುರ್ಚಿಯನ್ನು ಅವಳ ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡಿದ್ದ. ಪಂಪೇಶನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ಅದನ್ನು ಹೊರತೆಗೆದು, ರೆಸಾರ್ಟಿನ ಹೆಸರು ನೋಡಿ, ಮತ್ತೆ ಜೇಬಿಗಿಳಿಸಿದ.

“ಅಂದ್ರ ತಡೀತೈತಿ,” ಅಂದಳು ವಿರುಪಮ್ಮ. ಕಾಗದದ ಸಮೇತ ಕರಿ ರಟ್ಟನ್ನು ಅವನ ಕೈಯಿಂದ ತೆಗೆದುಕೊಂಡು, ತಿರುವಿ, ಚಾಕ್‌ಪೀಸಿನಲ್ಲಿ ದೊಡ್ಡದಾಗಿ ‘ಇರ್ಲಿ’ ಎಂದು ಬರೆದಳು. ಬಗ್ಗಿ ಅದನ್ನು ಮಂಚದ ಕೆಳಗೆ, ತನ್ನ ಮಿಕ್ಸಿಯ ಪಕ್ಕಕ್ಕೆ, ದೂಡಿದಳು.