ಬಾಣಂತಿ ಕೋಣೆಯ ಹಿಟ್ಟು

ನನ್ನ ತಮ್ಮ ಜಂಪಣ್ಣ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯೋನು. ಕೈ ಚುರುಕು, ತಲೆ ಮೊಂಡು. ನಾನು ಓಬಕ್ಕ, ಊರಿನ ಸೂಲಗಿತ್ತಿ. ಮೊಂಡುತನ ನಂದೂ ಕಮ್ಮಿ ಇಲ್ಲ ಅನ್ನಿ.

ಅವನ ಹೆಂಡ್ತಿ ಪಾಲಮ್ಮ ಕ್ಷಯ ಬಂದು ಹಾಸಿಗೆ ಹಿಡಿದಳು. ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ, ಅನ್ನ ಸೇರ್ತಿರಲಿಲ್ಲ. ಇವನು ಮಗ್ಗ ಬಿಟ್ಟು ಒಲೆ ಮುಂದೆ ಕೂತ. ನವಣೆ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಒಣಶುಂಠಿ ಸೇರಿಸಿ ಬೀಸಿದ. ಬೆಲ್ಲದ ನೀರಲ್ಲಿ ಕಲಸಿ ಕೊಟ್ಟರೆ ಬಟ್ಟಲು ಖಾಲಿ ಮಾಡಿದಳು. "ಇಂಥದ್ದು ನಾನು ಹುಟ್ಟಿದಾಗಿಂದ ತಿಂದಿಲ್ಲ" ಅಂದಳಂತೆ. ಎರಡು ತಿಂಗಳು ಅದರ ಮೇಲೇ ಇದ್ದು, ಹೋಗಿಬಿಟ್ಟಳು.

ಆಮೇಲೆ ಇವನಿಗೆ ಒಂದೇ ಹುಚ್ಚು. ಆ ಹಿಟ್ಟಿಗೆ ಪಾಲಮ್ಮನ ಹೆಸರಿಟ್ಟು ಸರ್ಕಾರದಿಂದ ಪೇಟೆಂಟು ತರಬೇಕು. ನನಗೂ ಹೇಳದೆ ವಕೀಲರ ಕೈಲಿ ಅರ್ಜಿ ಬರೆಸಿದ. ಹೇಳಿದ್ದರೆ, ಅದು ನಮ್ಮ ಹಳೇ ಬಾಣಂತಿ ಹಿಟ್ಟು ಕಣೋ ಅಂತ ಅವತ್ತೇ ಬೈದು ಕೂರಿಸ್ತಿದ್ದೆ. ನಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರು ಕಾಲಿಡೋ ಹಾಗಿಲ್ಲ, ಒಳಗೆ ಏನು ತಿನ್ನಿಸ್ತಾರೆ ಅಂತ ಕೇಳೋ ಹಾಗೂ ಇಲ್ಲ. ಆ ಹಿಟ್ಟು ತಾನೇ ಕಂಡುಹಿಡಿದೆ ಅಂತ ಅವನು ನಂಬಿದ್ದ.

ಹತ್ತೊಂಬೈನೂರ ಹದಿಮೂರರಲ್ಲಿ ವಿಚಾರಣೆಗೆ ಅಧಿಕಾರಿಯೊಬ್ಬರು ಚಳ್ಳಕೆರೆಗೆ ಬಂದರು. ರಾಂಪುರದ ಬೊಮ್ಮಕ್ಕ ತಕರಾರು ಹಾಕಿದ್ದಳು. ಬಾಣಂತಿಯರಿಗೆ ಇದೇ ಹಿಟ್ಟು ಮಾಡಿ ಮಾರಿ ಹೊಟ್ಟೆ ಹೊರೆಯೋ ಮುದುಕಿ. ಇವನಿಗೆ ಪೇಟೆಂಟು ಸಿಕ್ಕರೆ ಅವಳು ಬೀಸೋ ಕಲ್ಲು ಮೂಲೆಗೆ ಇಡಬೇಕು. ಸಾಕ್ಷಿಗೆ ನನ್ನ ಹೆಸರೇ ಕೊಟ್ಟಿದ್ದಳು.

"ಅರ್ಜಿಯಲ್ಲಿರೋದೆಲ್ಲ ಹಳೇ ಹಿಟ್ಟಲ್ಲೂ ಇರಬೇಕಮ್ಮ. ಒಂದು ಇಲ್ಲದಿದ್ರೂ ಇವರದು ಹೊಸದಾಗಬಹುದು," ಅಂದರು ಅಧಿಕಾರಿ. "ಮೊಳಕೆ ಕಟ್ತಿದ್ರಾ?"

"ಕಟ್ತಿದ್ವಿ."

"ನೆರಳಲ್ಲಿ ಒಣಗಿಸಿ ಹುರೀತಿದ್ರಾ?"

"ಹೂಂ ಸ್ವಾಮಿ."

"ಒಣಶುಂಠಿ?"

ಜಂಪಣ್ಣ ನನ್ನನ್ನೇ ನೋಡ್ತಿದ್ದ. ಇಲ್ಲ ಅಂದಿದ್ದರೆ ಸಾಕಿತ್ತು. ಆ ಕಡೆ ಬೊಮ್ಮಕ್ಕ ಸೆರಗು ಬಿಗಿಹಿಡಿದು ನಿಂತಿದ್ದಳು.

"ಶುಂಠಿ ಇಲ್ಲದೆ ಬಾಣಂತಿಗೆ ಕೊಡ್ತಾರೇನ್ರಿ" ಅಂದೆ. ಅರ್ಜಿ ವಜಾ ಆಯ್ತು.

ಹೊರಗೆ ಜಂಪಣ್ಣ ಬೇವಿನ ಮರದ ಕೆಳಗೆ ಕೂತಿದ್ದ. ಬೈತಾನೆ ಅಂದುಕೊಂಡೆ, ಬೈಯಲಿಲ್ಲ.

"ಅಕ್ಕಾ, ಪಾಲಮ್ಮನೂ ಬಾಣಂತನದಲ್ಲಿ ಇದನ್ನ ತಿಂದಿದ್ಲಾ?"

"ಮೂರು ಬಾಣಂತನದಲ್ಲೂ. ನಾನೇ ಕಲಸಿ ಕೊಟ್ಟಿದ್ದು. ಅವಳಿಗೆ ಅದು ಕಂಡ್ರೆ ಆಗ್ತಿರಲಿಲ್ಲ ಕಣೋ, ಬೇಡ ಅಂತ ಗೋಡೆ ಕಡೆ ತಿರುಗ್ತಿದ್ಲು."

ಅವನು ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡ.

"ನಾನು ಕೊಟ್ಟಾಗ ಬಟ್ಟಲು ನೆಕ್ಕಿ ಇಡ್ತಿದ್ಲಲ್ಲ ಅಕ್ಕಾ" ಅಂದ.